ಪಶ್ಚಿಮದ ಮೆಟ್ಟಿಲು, ದಕ್ಷಿಣದ ಸೇತುವೆ

"ರೀ, ಸ್ವಲ್ಪ ಪಕ್ಕಕ್ಕೆ ಸರೀತೀರಾ? ನನ್ನ ಚಿತ್ರದೊಳಗೆ ನಿಂತಿದ್ದೀರಿ."

ಶಿಂಜುಕು ಸ್ಟೇಷನ್ನಿನ ಆ ನೂಕುನುಗ್ಗಲಿನಲ್ಲಿ, ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಆನಿಮೆ ಎಂಬ ಜಪಾನೀ ಕಾರ್ಟೂನ್ ಸಿನಿಮಾದ ದೃಶ್ಯವೊಂದರ ಪ್ರಿಂಟು ಹಿಡಿದು ಸಾಯೊ ಸಿಡುಕಿದಳು.

ಎದುರಿಗಿದ್ದ ಯುವಕ ತಿರುಗಿದ. ಅವನ ಕೈಯಲ್ಲೂ ಅದೇ ಪ್ರಿಂಟು!

"ನಾನೂ ಅದನ್ನೇ ಹೇಳೋಣ ಅಂತಿದ್ದೆ. ಅರ್ಧ ಗಂಟೆಯಿಂದ ನನ್ನ ಚಿತ್ರದೊಳಗೆ ನಿಂತಿರೋದು ನೀವು."

ಸಾಯೊಳ ಕಿವಿ ಕೆಂಪಾಯಿತು. ಅವನು ನಕ್ಕುಬಿಟ್ಟ. ಅವಳ ಕೋಪ ಎಲ್ಲಿ ಹೋಯಿತೋ, ಅವಳಿಗೇ ತಿಳಿಯಲಿಲ್ಲ.

ಅವನು ಶೂಹೇಯಿ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳು ಹಲ್ಲಿನ ಡಾಕ್ಟರ ಬಳಿ ರಿಸೆಪ್ಷನಿಸ್ಟ್. ಇಬ್ಬರಿಗೂ ಒಂದೇ ಹುಚ್ಚು. ಮೆಚ್ಚಿದ ಆನಿಮೆಯಲ್ಲಿ ಕಂಡ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಫೋಟೋ ತೆಗೆಯುವುದು.

ಆ ಬೇಸಿಗೆಯ ಭಾನುವಾರಗಳೆಲ್ಲ ಜೊತೆಯಲ್ಲೇ ಕಳೆದವು. ನಾಯಕ ಛತ್ರಿ ಮರೆತ ಪ್ಲಾಟ್‌ಫಾರ್ಮು, ನಾಯಕಿ ನಿಂತುಕೊಂಡೇ ಸೋಬಾ ನೂಡಲ್ಸ್ ತಿಂದ ಅಂಗಡಿ... ನಾಯಕ ಮನಸ್ಸು ಬಿಚ್ಚಿ ಹೇಳುವ ಕೊನೆಯ ದೃಶ್ಯದ ಜಾಗವೊಂದನ್ನು ಮಾತ್ರ ಇಬ್ಬರೂ ಬೇಕೆಂದೇ ಉಳಿಸಿಕೊಂಡಿದ್ದರು.

ಒಂದು ಸಂಜೆ ಶೂಹೇಯಿ ಟಿಕೆಟ್ ಗೇಟಿನ ಬಳಿ, ಎಂದಿನಂತೆ ಗೌರವದ 'ಸಾನ್' ಸೇರಿಸಿ ಅವಳನ್ನು ಕರೆದು ತಡವರಿಸಿದ.

"ಸಾಯೊ ಸಾನ್, ಮುಂದಿನ ಭಾನುವಾರ ನಾಲ್ಕು ಗಂಟೆಗೆ ಕೊನೇ ದೃಶ್ಯದ ಜಾಗಕ್ಕೆ ಬರ್ತೀರಾ? ಒಂದು ಮಾತು ಹೇಳೋದಿದೆ. ಜಾಗ ಗೊತ್ತಲ್ಲ?"

"ಗೊತ್ತಿಲ್ದೆ ಏನು? ಕಣ್ಮುಚ್ಚಿಕೊಂಡು ಬರ್ತೀನಿ."

ಹೀಗೆ ಕರೆಯುವುದು ಪ್ರೀತಿ ಹೇಳಿಕೊಳ್ಳಲೆಂದೇ ಎಂದು ಅಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಕರೆದಲ್ಲಿಗೆ ಬಾರದಿದ್ದರೆ ಅದೇ ಉತ್ತರ. ಮತ್ತೆ ಕೇಳುವುದು ಮರ್ಯಾದೆಯಲ್ಲ.

ಭಾನುವಾರ ಸಾಯೊ, ಕೊನೆಯ ದೃಶ್ಯದಲ್ಲಿ ಕಂಡಿದ್ದ ಸ್ಟೇಷನ್ನಿನ ಪಶ್ಚಿಮ ದ್ವಾರದ ಮೆಟ್ಟಿಲ ಬಳಿ ಮೂರೂವರೆಗೇ ನಿಂತಳು. ನಾಲ್ಕಾಯಿತು, ಐದಾಯಿತು, ಆರಾಯಿತು. ಶೂಹೇಯಿ ಬರಲೇ ಇಲ್ಲ.

'ಮನಸ್ಸು ಬದಲಾಯಿಸಿರಬೇಕು... ನಾನೇ ಫೋನ್ ಮಾಡಿ ಗೋಗರೆಯಲಾ? ಸಾಧ್ಯವಿಲ್ಲ.'

ಮನೆಗೆ ಹೋಗಿ ದಿಂಬು ತೋಯುವಷ್ಟು ಅತ್ತಳು. ಹದಿನೈದು ದಿನ ಅವನ ಫೋನೂ ಬರಲಿಲ್ಲ.

ಸ್ಟೇಷನ್ ಪಕ್ಕದ ಕಾಫಿ ಅಂಗಡಿಯಲ್ಲಿ ಇಂಥ ಹುಚ್ಚರಿಗೆಂದೇ ಒಂದು ನೋಟ್‌ಬುಕ್ಕಿದೆ. ಬಂದವರು ತಾವು ಕಂಡ ಜಾಗದ ಬಗ್ಗೆ ನಾಲ್ಕು ಸಾಲು ಬರೆಯುತ್ತಾರೆ. ಈ ಹುಚ್ಚಿಗೆ ವಿದಾಯ ಬರೆದುಬಿಡೋಣವೆಂದು ಸಾಯೊ ಅಲ್ಲಿಗೆ ಹೋದಳು.

"ಏನಮ್ಮ, ಒಬ್ಬಳೇ? ನಿನ್ನ ಜೊತೆಗಾರ ಎಲ್ಲಿ?" ಅಂಗಡಿಯ ಹಾಗಿವಾರಾ ಅಜ್ಜಿ ಕೇಳಿದಳು.

"ಅವರ ವಿಚಾರ ಬೇಡ ಬಿಡಿ, ಅಜ್ಜಿ."

ನೋಟ್‌ಬುಕ್ ತೆರೆದರೆ ಅವನದೇ ಅಕ್ಷರ.

'ಕೊನೆಯ ದೃಶ್ಯದ ಜಾಗ. ಮೂರರಿಂದ ಏಳರವರೆಗೆ ಕಾದೆ. ಅವರು ಬರಲಿಲ್ಲ. ಉತ್ತರ ಅರ್ಥವಾಯಿತು. ಆದರೂ ಇಷ್ಟು ಚೆಂದದ ಬೇಸಿಗೆ ನನ್ನ ಬಾಳಲ್ಲಿ ಬಂದಿರಲಿಲ್ಲ.'

ಕೆಳಗೆ ಅಂಟಿಸಿದ್ದ ಫೋಟೋದಲ್ಲಿ ಮೆಟ್ಟಿಲೇ ಇರಲಿಲ್ಲ. ದಕ್ಷಿಣ ದ್ವಾರದ ಕಾಲ್ಸೇತುವೆ ಇತ್ತು!

"ಇದು ಆ ಜಾಗ ಅಲ್ವಲ್ಲ... ಅದು ಪಶ್ಚಿಮದ ಮೆಟ್ಟಿಲು."

ಅಜ್ಜಿ ಬಗ್ಗಿ ನೋಡಿದಳು. "ಅದೂ ಹೌದು, ನಿನ್ನ ಮೆಟ್ಟಿಲೂ ಹೌದು. ಚಿತ್ರ ಬರೆದವರು ಅಲ್ಲಿನ ಮೆಟ್ಟಿಲು, ಇಲ್ಲಿನ ಸೇತುವೆ ಎರಡನ್ನೂ ಸೇರಿಸಿ ಒಂದೇ ಜಾಗ ಮಾಡಿದ್ದಾರೆ. ಅಂಥ ಜಾಗ ಈ ಊರಲ್ಲೇ ಇಲ್ಲ ಕಣಮ್ಮ."

ಸಾಯೊ ಅಲ್ಲಿಂದಲೇ ಅವನಿಗೆ ಫೋನ್ ಮಾಡಿದಳು.

"ಶೂಹೇಯಿ ಸಾನ್... ನಾನೂ ಕಾದೆ. ಪಶ್ಚಿಮದ ಮೆಟ್ಟಿಲ ಹತ್ರ."

ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

"ಹಾಗಾದ್ರೆ... ನೀವು ಬಂದಿದ್ರಾ?"

"ಬಂದಿದ್ದೆ."

ಸಾಯೊ ಅಳುತ್ತಲೇ ನಕ್ಕಳು. "ಈಗ ಎಲ್ಲಿದ್ದೀರಿ?"

"ಅಂಗಡೀಲಿ. ಗಿರಾಕಿ ಮೂಗಿನ ಮೇಲೆ ಕನ್ನಡಕ ಇಡ್ತಿದ್ದೀನಿ."

"ಅಲ್ಲೇ ಇರಿ. ಕದಲಬೇಡಿ. ನಾನೇ ಬರ್ತೀನಿ."

ಹತ್ತು ನಿಮಿಷದಲ್ಲಿ ಏದುಸಿರು ಬಿಡುತ್ತ ಸಾಯೊ ಅಂಗಡಿಯ ಬಾಗಿಲಲ್ಲಿದ್ದಳು. ಗಿರಾಕಿಗಳೆಲ್ಲ ನೋಡುತ್ತಿದ್ದಂತೆಯೇ ಶೂಹೇಯಿ ಅವಳ ಮುಂದೆ ಬಂದು ತಲೆಬಾಗಿದ.

"ಸಾಯೊ ಸಾನ್, ನೀವಂದ್ರೆ ನಂಗಿಷ್ಟ. ನನ್ನ ಜೊತೆ ಇರ್ತೀರಾ?"

"ಇಲ್ಲೇ ಹೇಳೋದಾ? ಇಂಥ ಜಾಗ ಯಾವ ದೃಶ್ಯದಲ್ಲೂ ಇಲ್ಲ."

"ಇಲ್ಲ. ಅದಕ್ಕೇ ತಪ್ಪಿಹೋಗೋ ಭಯಾನೂ ಇಲ್ಲ."

ಅವಳು ಅವನ ತೋಳು ಹಿಡಿದಳು. "ಇರ್ತೀನಿ."

ಅವನು ಕಣ್ಣೊರೆಸಿಕೊಂಡ. "ಹಾಗಾದ್ರೆ ಮುಂದಿನ ಭಾನುವಾರ... ಎಲ್ಲಿ ಸಿಗೋಣ?"

"ಎಲ್ಲೂ ಸಿಗೋದು ಬೇಡ," ಎಂದಳು ಸಾಯೊ. "ಮನೆಗೇ ಬಂದು ಕರ್ಕೊಂಡು ಹೋಗಿ."