ಹುಚ್ಚಣ್ಣನ ಜೀಪು ತನ್ನನ್ನು ತಾನೇ ಎಳೆದುಕೊಂಡದ್ದು

"ನಿನ್ನ ತೂಕ ಎಷ್ಟು?" ಎಂದು ಹುಚ್ಚಣ್ಣ ಹೆಂಡತಿಯನ್ನು ಕೇಳಿದ್ದು ಭಾನುವಾರ ಬೆಳಗ್ಗೆ ಆರು ಗಂಟೆಗೆ, ಕುಂಬಾರಕೊಪ್ಪಲಿನ ಮನೆಯ ಮುಂದೆ, ಅಕ್ಕಪಕ್ಕದ ನಾಲ್ಕು ಮನೆಯವರಿಗೂ ಕೇಳಿಸುವಂತೆ.

ಚೆಲುವಮ್ಮ ಕೈಯಲ್ಲಿದ್ದ ಅರಿಶಿನ ಕುಂಕುಮದ ತಟ್ಟೆಯನ್ನು ಜೀಪಿನ ಬಾನೆಟ್ ಮೇಲೆ ಕುಕ್ಕಿದಳು. "ಯಾಕೆ, ಮಾರಕ್ಕೆ ಇಟ್ಟಿದ್ದೀರಾ?"

"ಅಯ್ಯೋ, ಲೆಕ್ಕಕ್ಕೆ ಕಣೇ. ಗಾಡಿ, ಗ್ರೈಂಡರು, ನಾವು ನಾಲ್ಕು ಜನ. ಎಲ್ಲಾ ಸೇರಿದ ತೂಕಕ್ಕೆ ಒಂದೂವರೆ ಪಟ್ಟು ಎಳೆಯೋ ಶಕ್ತಿ ಈ ವಿಂಚಿಗೆ ಇರಬೇಕು."

"ಅಂಗಾದ್ರೆ ಮೊದ್ಲು ನನ್ನ ತಮ್ಮನ್ನ ತೂಗಿ."

ತಮ್ಮ ಬಸವರಾಜು ಆಗಲೇ ಹಿಂದಿನ ಸೀಟು ಹಿಡಿದು ಕೂತಿದ್ದ. ಅವನು ಕೂತ ಕಡೆಗೆ ಜೀಪು ಸ್ವಲ್ಪ ವಾಲಿಕೊಂಡಿತ್ತು. ಹುಚ್ಚಣ್ಣ ನೋಡಿ, ಲೆಕ್ಕದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಈ ಹುಚ್ಚಣ್ಣ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವನು. ನಿವೃತ್ತನಾದ ವಾರದಲ್ಲೇ ಗುಜರಿಯಿಂದ ಜೀಪೊಂದರ ಅಸ್ಥಿಪಂಜರ ತಂದ. ಮನೆಯಲ್ಲಿ ಮಂಚವಿದ್ದರೂ ನಾಲ್ಕು ವರ್ಷ ಅದರ ಅಡಿಯಲ್ಲೇ ಮಲಗಿ, ಕೊನೆಗೂ ಅದನ್ನು ಓಡುವ ಗಾಡಿ ಮಾಡಿದ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಕಳೆದ ವರ್ಷ ಚೆಲುವಮ್ಮನ ತಂಗಿಯ ಮಗಳ ಮದುವೆಗೆ ಹೊರಟಾಗ, ಸುತ್ತು ದಾರಿ ಯಾಕೆಂದು ಜೀಪನ್ನು ಕೆರೆಯಂಗಳಕ್ಕೆ ಇಳಿಸಿಬಿಟ್ಟ. ಅತ್ತ ಧಾರೆ ಎರೆಯುವ ಹೊತ್ತಿನಲ್ಲಿ ಇತ್ತ ಚೆಲುವಮ್ಮ ರೇಷ್ಮೆ ಸೀರೆ ಉಟ್ಟು ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಳು. ಮಂಡಕಳ್ಳಿ ಪಕ್ಕದ ತೋಟದಿಂದ ಬಸವರಾಜು ಟ್ರ್ಯಾಕ್ಟರ್ ತಂದು ಎಳೆದು ಹಾಕುವಷ್ಟರಲ್ಲಿ ಮದುವೆಯ ಊಟವೂ ಮುಗಿದಿತ್ತು.

ಆವತ್ತೇ ಜೀಪು ಮನೆಯಿಂದ ಹೋಗಬೇಕಿತ್ತು. ಬಸವರಾಜು ತನ್ನ ಕೋಳಿ ಫಾರಮ್ಮಿನ ಗೊಬ್ಬರ ಹೊರಲು ಅದನ್ನು ಕೇಳಿಯೂ ಆಗಿತ್ತು. ಹುಚ್ಚಣ್ಣ ಅನ್ನ ನೀರು ಬಿಡುವುದೊಂದು ಬಾಕಿ. ಕೊನೆಗೆ ಚೆಲುವಮ್ಮ ಒಂದು ಷರತ್ತು ಹಾಕಿದಳು. ಕರಿಗಲ್ಲು ಗುಡ್ಡದ ತಪ್ಪಲಿನಲ್ಲಿ ಅವಳ ಸೋದರತ್ತೆ ಬೆಟ್ಟಮ್ಮನ ತೋಟವಿದೆ. ಮಳೆಗಾಲದಲ್ಲಿ ಅಲ್ಲಿಗೆ ಎತ್ತಿನ ಗಾಡಿಯೂ ಹೋಗುವುದಿಲ್ಲ. ಅಲ್ಲಿಗೆ ಹೋಗಿ, ಅತ್ತೆಗೆ ಮಾತು ಕೊಟ್ಟಿದ್ದ ಗ್ರೈಂಡರನ್ನು ಇಳಿಸಿ, ದೀಪ ಹಚ್ಚುವುದರೊಳಗೆ ಮನೆಗೆ ಬರಬೇಕು. ದಾರಿಯಲ್ಲಿ ಎಲ್ಲೇ ಹೂತರೂ ಬೇರೆಯವರ ಕೈ ಹಾಕಿಸಬಾರದು. ಹಾಕಿಸಿದರೆ ಜೀಪು ಕೋಳಿಗಳ ಪಾಲು. ಸಾಕ್ಷಿಗೆ ತಾನೂ ಬರುತ್ತೇನೆ, ತಮ್ಮನೂ ಬರುತ್ತಾನೆ ಎಂದಳು.

ಹುಚ್ಚಣ್ಣ ಅದಕ್ಕೇ ವಿಂಚ್ ತಂದದ್ದು. ಜೀಪಿನ ಮೂತಿಗೆ ಕೂರಿಸುವ, ಬ್ಯಾಟರಿಯಿಂದ ತಿರುಗುವ ಉರುಳೆ ಅದು. ಅದಕ್ಕೆ ಸುತ್ತಿದ ಉಕ್ಕಿನ ಹಗ್ಗವನ್ನು ಬಿಚ್ಚಿ ಎದುರಿನ ಮರಕ್ಕೆ ಬಿಗಿದು ಬಟನ್ ಒತ್ತಿದರೆ, ಹೂತ ಗಾಡಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಹಳೇ ಬಂಪರಿಗೆ ಅದನ್ನು ಕಟ್ಟಿದರೆ ಬಂಪರೊಂದೇ ಮರದ ಹತ್ತಿರ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ದಪ್ಪ ಉಕ್ಕಿನ ತಗಡನ್ನು ಚಾಸಿಗೇ ಬೋಲ್ಟ್ ಮಾಡಿ ಅದರ ಮೇಲೆ ವಿಂಚನ್ನು ಕೂರಿಸಿದ. ದೊಡ್ಡ ಬ್ಯಾಟರಿ ಹಾಕಿದ, ಹೆಬ್ಬೆರಳು ದಪ್ಪದ ವೈರು ಎಳೆದ.

ಇಷ್ಟೆಲ್ಲ ಮಾಡಿದ ಮೇಲೆ ಪೂಜೆ ಮಾಡದೆ ಹೊರಡಲಾದೀತೇ? ಚೆಲುವಮ್ಮ ವಿಂಚಿಗೆ ವಿಭೂತಿ ಎಳೆದು, ಅರಿಶಿನ ಕುಂಕುಮ ಧಾರಾಳವಾಗಿ ಬಳಿದು, ಚೆಂಡುಹೂವಿನ ಹಾರ ಹಾಕಿದಳು. ಬಸವರಾಜು ತೆಂಗಿನಕಾಯಿಯನ್ನು ವಿಂಚಿನ ಮೇಲೆಯೇ ಒಡೆದು, ಎಳನೀರನ್ನೆಲ್ಲ ಅದರ ನೆತ್ತಿಗೆ ಸುರಿದ. ಮಗಳು ಬಿಂದು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಬೇರೆ ಯಾರೇ ಓಡಿಸುತ್ತಿದ್ದರೂ ಅವಳ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ.

ನಿಂಬೆಹಣ್ಣು ಅಪ್ಪಚ್ಚಿಯಾಯಿತು. ದಂಡಯಾತ್ರೆ ಹೊರಟಿತು.

ಮಂಡಕಳ್ಳಿಯ ವಿಮಾನ ನಿಲ್ದಾಣ ದಾಟಿ ಎಡಕ್ಕೆ ಮಣ್ಣುದಾರಿಗೆ ಇಳಿದ ಮೇಲೆ ಊರಿನ ಸದ್ದು ಹಿಂದೆ ಉಳಿಯಿತು. ನಾಲ್ಕು ದಿನ ಬಿಡದೆ ಸುರಿದ ಮಳೆ ಆವತ್ತು ಬೆಳಗ್ಗೆಯಷ್ಟೇ ಹೊಳವಾಗಿತ್ತು. ಎರಡೂ ಕಡೆ ಹುರುಳಿ, ಅಲಸಂದೆ, ಆಗತಾನೆ ಮೊಳೆತ ಹತ್ತಿ. ನೀರು ನಿಂತ ಕಡೆಯಲ್ಲೆಲ್ಲ ಬೆಳ್ಳಕ್ಕಿಗಳು ತಪಸ್ಸಿಗೆ ನಿಂತಿದ್ದವು. ದೂರದಲ್ಲಿ ಕರಿಗಲ್ಲು ಗುಡ್ಡದ ನೆತ್ತಿಗೆ ಮೋಡ ತಗುಲಿತ್ತು. ಗ್ರೈಂಡರಿನ ಕಲ್ಲು ಚೆಲುವಮ್ಮನ ಕಾಲಿನ ಹತ್ತಿರ ಉರುಳಾಡುತ್ತಿತ್ತು. ಅದಕ್ಕೆ ಅವಳು ಒಂದು ಕಾಲಿನ ಒತ್ತು ಕೊಟ್ಟುಕೊಂಡೇ ಎಲ್ಲರಿಗೂ ಚಿತ್ರಾನ್ನ ಹಂಚಿದಳು.

ಹತ್ತು ಗಂಟೆಗೆ ಹಳ್ಳ ಎದುರಾಯಿತು. ನೀರು ಮೊಣಕಾಲಿಗೆ, ಅದೇನೂ ದೊಡ್ಡದಲ್ಲ. ಆದರೆ ಆಚೆ ದಡ ಗೋಡೆಯ ಹಾಗೆ ನಿಂತಿತ್ತು. ಹುಚ್ಚಣ್ಣ ಗೇರು ಬದಲಿಸಿ ನುಗ್ಗಿಸಿದ.

ಮುಂದಿನ ಚಕ್ರಗಳು ದಡ ಹಿಡಿದವು. ಹಿಂದಿನವು ಹಿಡಿಯಲಿಲ್ಲ. ಎಂಜಿನ್ ಅರಚಿತು, ಮರಳು ಚಿಮ್ಮಿತು, ಜೀಪು ಕುಂಡೆ ಊರಿ ಕೂತುಬಿಟ್ಟಿತು.

"ಬಾವ, ಟ್ರ್ಯಾಕ್ಟರಿಗೆ ಫೋನ್ ಮಾಡ್ಲಾ?" ಎಂದ ಬಸವರಾಜು. ಅವನ ಹೆಬ್ಬೆರಳು ಆಗಲೇ ಮೊಬೈಲಿನ ಮೇಲಿತ್ತು.

"ಮುಚ್ಕೊಂಡು ಕೂತ್ಕೊಳಯ್ಯ," ಎಂದು ಹುಚ್ಚಣ್ಣ ಕೆಳಕ್ಕೆ ಧುಮುಕಿದ. ದಡದ ಮೇಲೆ ದೊಡ್ಡ ಹುಣಸೆ ಮರ. ಬಿಂದು ತೊಗಟೆ ಕೊರೆಯದಂತೆ ಅಗಲ ಪಟ್ಟಿಯನ್ನು ಬುಡಕ್ಕೆ ಸುತ್ತಿ, ಚರ್ಮದ ಕೈಗವಸು ಹಾಕಿಕೊಂಡು ಹಗ್ಗ ಎಳೆದು ಕೊಕ್ಕೆ ಸಿಕ್ಕಿಸಿದಳು. ಹಗ್ಗ ಕಿತ್ತರೆ ಚಾಟಿಯಂತೆ ಬೀಸದಿರಲಿ ಎಂದು ಅದರ ಮೇಲೆ ಒದ್ದೆ ಗೋಣಿ ಹೊದಿಸಿದಳು. ಹುಚ್ಚಣ್ಣ ರಿಮೋಟಿನ ವೈರನ್ನು ವಿಂಚಿಗೆ ಸಿಕ್ಕಿಸಿ, ದೂರ ನಿಂತು, ಗಂಭೀರವಾಗಿ ಬಟನ್ ಒತ್ತಿದ.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿದ. ವಿಂಚ್ ಕಮಕ್ ಕಿಮಕ್ ಎನ್ನಲಿಲ್ಲ. ಬ್ಯಾಟರಿ ನೋಡಿದ, ವೈರು ನೋಡಿದ, ಆಕಾಶ ನೋಡಿದ. ನೀರು ಸೈಲೆನ್ಸರಿನ ಹತ್ತಿರ ಬರುತ್ತಿತ್ತು. ಬಸವರಾಜುವಿನ ಮುಖದಲ್ಲಿ ಕೋಳಿಗೊಬ್ಬರ ತುಂಬಿದ ಜೀಪು ಕಾಣುತ್ತಿತ್ತು.

ಬಿಂದು ರಿಮೋಟಿನ ಪಿನ್ನನ್ನು ಕಿತ್ತು ನೋಡಿದಳು. ಪಿನ್ನಿನ ತುದಿ ಕೆಂಪಗೆ, ಅಂಟಂಟಾಗಿತ್ತು. ಬಗ್ಗಿ ಸಾಕೆಟ್ಟಿನೊಳಗೆ ನೋಡಿದಳು. ಅರಿಶಿನ, ಕುಂಕುಮ, ವಿಭೂತಿ ಮೂರೂ ಎಳನೀರಿನಲ್ಲಿ ಕಲಸಿಕೊಂಡು, ಹದವಾದ ಹೂರಣದಂತೆ ಒಳಗೆ ಗಿಡಿದು ಕೂತಿದ್ದವು.

"ಅಪ್ಪ, ಪೂಜೆಗೆ ಮುಂಚೆ ಇದರ ಮುಚ್ಚಳ ಹಾಕಿರಲಿಲ್ವಾ?"

"ವಿಂಚಿಗೆ ಎಳನೀರು ಕುಡಿಸ್ತಾರೆ ಅಂತ ನನಗೇನು ಗೊತ್ತು?"

"ದೇವರ ಪ್ರಸಾದ ಕಣ್ರೀ, ಏನೇನೋ ಅನ್ಬೇಡಿ," ಎಂದು ಚೆಲುವಮ್ಮ ಕೂತಲ್ಲಿಂದಲೇ ಗದರಿದಳು.

ಬ್ಯಾಟರಿಯ ಸಂಪರ್ಕ ತಪ್ಪಿಸಿ, ಬಿಂದು ತಲೆಯಿಂದ ಹೇರ್‌ಪಿನ್ ತೆಗೆದು ಕಾಲು ಗಂಟೆ ಪ್ರಸಾದ ಕೆರೆದಳು. ಪಂಚೆಯ ತುದಿಯಿಂದ ಹುಚ್ಚಣ್ಣ ಒರೆಸಿದ. ಮತ್ತೆ ಬ್ಯಾಟರಿ ಜೋಡಿಸಿ, ಪಿನ್ನು ಸಿಕ್ಕಿಸಿ ಬಟನ್ ಒತ್ತಿದಾಗ ವಿಂಚ್ ಗುರ್ರ್ ಎಂದಿತು. ಹಗ್ಗ ಬಿಗಿಯಿತು. ಜೀಪು ಒಂದು ಸಲ ನಡುಗಿ, ಇಂಚಿಂಚಾಗಿ, ಮುಲುಕುತ್ತ ದಡ ಹತ್ತಿ ಹುಣಸೆ ಮರದ ಕೆಳಗೆ ನಿಂತಿತು. ಹುಚ್ಚಣ್ಣನಿಗೆ ಕುಣಿಯಬೇಕೆನಿಸಿತು. ಭಾವಮೈದನ ಮುಖ ನೋಡಿ ಅಷ್ಟೇ ಸಾಕೆಂದುಕೊಂಡ.

ಬೆಟ್ಟಮ್ಮನ ತೋಟ ಸೇರಿದಾಗ ಮಧ್ಯಾಹ್ನ. ಎಂಬತ್ತರ ಬೆಟ್ಟಮ್ಮ ಗ್ರೈಂಡರನ್ನು ಸುತ್ತಿ ಸುತ್ತಿ ನೋಡಿ, "ಚೆಂದಾಗದೆ ಕಣವ್ವ. ಕರೆಂಟು ಬಂದು ಮೂರು ದಿನ ಆಯ್ತು, ಬಂದಾಗ ತಿರುಗುಸ್ತೀನಿ ಬುಡು," ಎಂದಳು. ಮುದ್ದೆ, ಹುರುಳಿಕಾಳಿನ ಬಸ್ಸಾರು ಹೊಟ್ಟೆ ಬಿರಿಯುವಷ್ಟು ಬಡಿಸಿದಳು. ಇಳಿಸಿದ ಗ್ರೈಂಡರಿನ ಜಾಗಕ್ಕೆ ಮೂರು ಹಲಸಿನಹಣ್ಣು ಹತ್ತಿದವು. ಹುಚ್ಚಣ್ಣ ಮತ್ತೆ ಲೆಕ್ಕದ ಚೀಟಿ ತೆಗೆಯಲು ಹೋದ, ಹೆಂಡತಿ ಕಣ್ಣು ಬಿಟ್ಟಳು.

ಹೊರಡುವಾಗ ಬೆಟ್ಟಮ್ಮ ಕೈ ಅಡ್ಡ ಹಿಡಿದಳು. "ಹಳ್ಳದ ಕಡೆ ಹೋಗ್ಬ್ಯಾಡಿ. ಗುಡ್ಡದಲ್ಲಿ ಹುಯ್ದದೆ, ನೀರು ಬಂದ್ಬುಟ್ಟದೆ. ನಮ್ಮ ಬೀಳು ಹೊಲದ ಮೇಲಾಸಿ ಹೋದ್ರೆ ಸೇತುವೆ ಸಿಕ್ತದೆ."

ಬೀಳು ಹೊಲವೆಂದರೆ ಎರೆಮಣ್ಣಿನ ಬಯಲು. ಮಳೆ ಬಿದ್ದ ಎರೆಮಣ್ಣು ಕಾಲಿಗೆ ಹತ್ತಿದರೆ ಬಿಡುವುದಿಲ್ಲ, ಚಕ್ರಕ್ಕೆ ಹತ್ತಿದರೆ ಕೇಳಲೇಬೇಡಿ. ಅರ್ಧ ಹೊಲ ದಾಟುವುದರೊಳಗೆ ನಾಲ್ಕೂ ಚಕ್ರಗಳು ಕರಿ ಮುದ್ದೆಗಳಾದವು. ಜೀಪು ಅಚ್ಚಿನವರೆಗೆ ಇಳಿದು ನಿಂತಿತು. ಆಗ ಮಧ್ಯಾಹ್ನ ಎರಡೂವರೆ.

ಹುಚ್ಚಣ್ಣ ಕೆಳಗಿಳಿದು ಸುತ್ತ ನೋಡಿದ. ಕಣ್ಣಳತೆಯಲ್ಲಿ ಒಂದು ಮರವಿಲ್ಲ. ಒಂದು ಬಂಡೆಯಿಲ್ಲ. ದೂರದಲ್ಲಿ ಒಂದೇ ಒಂದು ಲೈಟು ಕಂಬ.

"ಕಂಬಕ್ಕೆ ಕಟ್ಟಿ ಬಾವ," ಎಂದ ಬಸವರಾಜು.

"ಕಂಬ ಬಂದ್ಬುಡ್ತದೆ ಕಣಯ್ಯ. ಆಮೇಲೆ ನಿಮ್ಮ ಸೋದರತ್ತೆ ಗ್ರೈಂಡರು ಯಾವತ್ತೂ ತಿರುಗಲ್ಲ."

"ಅಂಗಾದ್ರೆ ಒಂದು ಫೋನು..."

"ಮರದ ಬದಲು ಸ್ಟೆಪ್ನಿ ಹೂಳೋಣ ಅಪ್ಪ," ಎಂದಳು ಬಿಂದು.

ಅಪ್ಪ, ಮಗಳು ಹಾರೆ ಸಲಿಕೆ ತೆಗೆದರು. ಜೀಪಿನ ಮುಂದೆ ಐವತ್ತು ಅಡಿ ದೂರದಲ್ಲಿ ಗುಂಡಿ ತೋಡಿ ಸ್ಟೆಪ್ನಿ ಚಕ್ರವನ್ನು ನಿಲ್ಲಿಸಿದರು. ಚಕ್ರದ ನಡುವಿನ ತೂತಿನಲ್ಲಿ ಪಟ್ಟಿ ತೂರಿಸಿ, ಹಿಂದಿನಿಂದ ಜಾಕಿ ರಾಡನ್ನು ಅಡ್ಡ ಕೊಟ್ಟು, ಮಣ್ಣು ಮುಚ್ಚಿ ತುಳಿದು, ಪಟ್ಟಿಯ ತುದಿಗೆ ಹಗ್ಗದ ಕೊಕ್ಕೆ ಸಿಕ್ಕಿಸಿದರು. ಸಾಕ್ಷಿಗಳಿಬ್ಬರೂ ಜೀಪಿನಲ್ಲೇ ಕೂತಿದ್ದರು. ಬಿಂದು ಸ್ಟೇರಿಂಗ್ ಹಿಡಿದಳು. ಹುಚ್ಚಣ್ಣ ಬಟನ್ ಒತ್ತಿದ.

ಹಗ್ಗ ಬಿಗಿಯಿತು. ಜೀಪು ಅಲ್ಲಾಡಲಿಲ್ಲ.

ನೆಲ ಅಲ್ಲಾಡಿತು.

ಮಣ್ಣು ಉಬ್ಬಿ, ಬಿರಿದು, ಸ್ಟೆಪ್ನಿ ಪುಸಕ್ಕೆಂದು ಹೊರಬಂದು, ಹೊಲದಲ್ಲಿ ಅಂಗಾತ ಮಲಗಿತು.

"ಗುಂಡಿ ಸಾಲದು," ಎಂದ ಹುಚ್ಚಣ್ಣ. ಬಿಸಿಲು ಓರೆಯಾಗಿತ್ತು. ಸಾಕ್ಷಿಗಳನ್ನೂ ಹಲಸಿನಹಣ್ಣುಗಳನ್ನೂ ಕೆಳಗಿಳಿಸಿ ಮತ್ತೆ ಹಾರೆ ಹಿಡಿದ. ಎರಡಡಿ, ಎರಡೂವರೆ, ಮೂರಡಿ. ಎತ್ತಿದ ಪ್ರತಿ ಸಲಿಕೆ ಮಣ್ಣೂ ಸಲಿಕೆಗೇ ಅಂಟಿಕೊಂಡು ಮರಳಿ ಗುಂಡಿಗೆ ಬೀಳುತ್ತಿತ್ತು. ಸ್ಟೆಪ್ನಿಯನ್ನು ಇಳಿಸಿ, ಮಣ್ಣು ಮುಚ್ಚಿ, ಕೊನೆಯ ಸಲ ತುಳಿದು ಈಚೆಗೆ ಬರುವಾಗ ಅವನ ಕಾಲು ಜಾರಿತು.

"ಅಯ್ಯಯ್ಯೋ!"

"ಏನಾಯ್ತು ಅಪ್ಪ?"

"ಸೊಂಟ ಹಿಡ್ಕೊಂಡ್ತು!"

ಅವನನ್ನು ಎತ್ತಿ ಹೊಲದ ಬದುವಿನ ಮೇಲೆ ಗೋಣಿ ಹಾಸಿ ಮಲಗಿಸಿದರು. ಅವನು ಎದ್ದು ಕೂರಲಾರ. ಬಿಂದು ಸ್ಟೇರಿಂಗ್ ಬಿಡಲಾರಳು, ಎಂಜಿನ್ ನಿಂತರೆ ಬ್ಯಾಟರಿ ಇಳಿಯುತ್ತದೆ, ಚಕ್ರಗಳಿಗೂ ಹದವಾಗಿ ಶಕ್ತಿ ಕೊಡುತ್ತಿರಬೇಕು. ಪಕ್ಕಕ್ಕೆ ನಿಂತು ಹಗ್ಗ ನೋಡಿಕೊಂಡು ಬಟನ್ ಒತ್ತಲು ಒಂದು ಕೈ ಬೇಕು.

ಹುಚ್ಚಣ್ಣ ಮಲಗಿದಲ್ಲಿಂದ ಜೀಪನ್ನು ನೋಡಿದ. ಅದರ ಒಂದೊಂದು ನಟ್ಟನ್ನೂ ಅವನೇ ಬಿಗಿದಿದ್ದ. ಆ ಹಿಂದಿನ ಸೀಟಿನ ತುಂಬ ಗೊಬ್ಬರದ ಮೂಟೆಗಳು ಕಂಡು ಅವನಿಗೆ ನಿಜವಾಗಿಯೂ ಅಳು ಬಂತು.

"ಆಯ್ತು ಬಸವರಾಜು," ಎಂದ. "ಫೋನ್ ಮಾಡು."

ಬಸವರಾಜು ಮೊಬೈಲ್ ತೆಗೆಯುವಷ್ಟರಲ್ಲಿ ಚೆಲುವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕಳಚಿ, ಎರೆಮಣ್ಣಿಗೆ ಇಳಿದಾಗಿತ್ತು. ರಿಮೋಟನ್ನು ಕೈಗೆ ತೆಗೆದುಕೊಂಡಳು.

"ಯಾವ ಬಟನ್ನು?"

"ಮೇಲಿನದು," ಎಂದ ಹುಚ್ಚಣ್ಣ, ನೋವು ಮರೆತು. "ದೂರ ನಿಂತ್ಕೊ. ಹಗ್ಗದ ನೇರಕ್ಕೆ ನಿಲ್ಬೇಡ. ಒಂದೇ ಸಮ ಒತ್ಬೇಡ, ಬಿಟ್ಟು ಬಿಟ್ಟು ಒತ್ತು."

"ಅಕ್ಕ!" ಎಂದು ಬಸವರಾಜು ಕೂಗಿದ. "ನೀನು ಸಾಕ್ಷಿ ಕಣಕ್ಕ! ನೀನು ಮುಟ್ಟಿದ್ರೆ ಬಾವ ಸೋತಂಗೆ!"

"ಗಾಡಿ ಮೇಲಕ್ಕೆ ಬರ್ಲಿ. ತೀರ್ಮಾನ ಮನೆಗೆ ಹೋದ್ಮೇಲೆ."

ಒತ್ತಿದಳು. ಹಗ್ಗ ಬಿಗಿಯಿತು. ಬಿಟ್ಟಳು. ಸ್ಟೆಪ್ನಿ ಹೂತ ಕಡೆ ನೋಡಿದಳು. ನೆಲ ಉಬ್ಬಿರಲಿಲ್ಲ. ಮತ್ತೆ ಒತ್ತಿದಳು.

"ಬಿಂದು, ಈಗ ಕೊಡು!"

ಚಕ್ರಗಳು ಲೊಚಲೊಚ ಎಂದವು. ಜೀಪು ಎಡಕ್ಕೆ ಒಲೆದು, ಬಲಕ್ಕೆ ಒಲೆದು, ಕೆಸರಿನಿಂದ ಒಂದು ಗೇಣು ಮೇಲೆದ್ದಿತು. ಇನ್ನೊಂದು ಗೇಣು. ಒಂದು ಮಾರು. ಹಗ್ಗ ಕಿರುಗುಟ್ಟಿದಾಗಲೆಲ್ಲ ಚೆಲುವಮ್ಮ ಕೈ ಬಿಟ್ಟು ಕಾಯುತ್ತಿದ್ದಳು. ಅವಸರವಿಲ್ಲ, ಗಾಬರಿಯಿಲ್ಲ. ಡಿಪೋದ ಅಷ್ಟೂ ಮೆಕ್ಯಾನಿಕ್‌ಗಳಲ್ಲಿ ಇಂಥ ಕೈ ಒಂದನ್ನೂ ನೋಡಿಲ್ಲ ಎಂದು ಹುಚ್ಚಣ್ಣನಿಗೆ ಅನ್ನಿಸಿತು. ಮುಕ್ಕಾಲು ಗಂಟೆಯಲ್ಲಿ ಜೀಪು ಗಟ್ಟಿ ನೆಲದ ಮೇಲೆ ಉಸಿರು ಬಿಡುತ್ತ ನಿಂತಿತ್ತು.

ಸ್ಟೆಪ್ನಿ ಅಗೆದು ತೆಗೆದು, ಹುಚ್ಚಣ್ಣನನ್ನು ಹಿಂದಿನ ಸೀಟಿನಲ್ಲಿ ಹಲಸಿನಹಣ್ಣುಗಳ ನಡುವೆ ಮಲಗಿಸಿ, ಬಿಂದು ಗಾಡಿ ಓಡಿಸಿದಳು. ಸೇತುವೆ ಬಂತು, ಟಾರು ರಸ್ತೆ ಬಂತು, ಮಂಡಕಳ್ಳಿ ಹಿಂದಾಯಿತು. ಗೆದ್ದೆನೋ ಸೋತೆನೋ ಎಂಬುದು ಗೊತ್ತಾಗದೆ ಹುಚ್ಚಣ್ಣನಿಗೆ ಪ್ರತಿ ಹಂಪೂ ಎರಡು ಕಡೆ ನೋಯಿಸಿತು.

ಕುಂಬಾರಕೊಪ್ಪಲಿನ ಮನೆಯ ಮುಂದೆ ನಿಂತಾಗ ಇನ್ನೂ ಬೆಳಕಿತ್ತು. ಬಸವರಾಜು ಮೊದಲು ಇಳಿದು ನಡುರಸ್ತೆಯಲ್ಲೇ ನ್ಯಾಯ ಶುರು ಮಾಡಿದ.

"ಹೇಳಕ್ಕ ಈಗ. ಬೇರೆಯವರ ಕೈ ಹಾಕಿಸಬಾರದು ಅಂತ ನೀನೇ ತಾನೆ ಅಂದಿದ್ದು?"

"ಹೂಂ. ನಾನೇ ಅಂದಿದ್ದು."

"ಮತ್ತೆ? ಬಟನ್ ಒತ್ತಿದ್ದು ಯಾರು? ಬಾವನೂ ಅಲ್ಲ, ಬಿಂದೂನೂ ಅಲ್ಲ."

ಚೆಲುವಮ್ಮ ಕೆಸರಿನ ಕಾಲನ್ನು ರಸ್ತೆಗೆ ಊರಿ ನಿಧಾನವಾಗಿ ಇಳಿದಳು. ತಮ್ಮನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ಈ ಮನೆ ಸೇರಿ ಮೂವತ್ತೇಳು ವರ್ಷ ಆಯ್ತು. ನಾನು ಯಾವಾಗ ಕಣೋ ಇವರಿಗೆ ಬೇರೆಯವಳಾಗಿದ್ದು?"

ಬಸವರಾಜು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಬಿಂದು ಹಿಂದಿನ ಸೀಟಿನ ಕಡೆ ತಿರುಗಿ ನೋಡಿದರೆ, ಅಪ್ಪ ಹಲಸಿನಹಣ್ಣನ್ನು ತಬ್ಬಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದ.

"ತುಂಬಾ ನೋವಾ ಅಪ್ಪ?"

"ಹೂಂ ಕಣಮ್ಮ. ಸೊಂಟ," ಎಂದ ಹುಚ್ಚಣ್ಣ.

"ಸೊಂಟಕ್ಕೆ ಬಿಸಿನೀರು ಕಾಯಿಸ್ತೀನಿ," ಎಂದಳು ಚೆಲುವಮ್ಮ. "ಮೊದ್ಲು ಅವರನ್ನ ಇಳಿಸ್ಕೊಳಿ. ಬಸವರಾಜು, ಆ ಕಡೆ ಹಿಡ್ಕೊಳೋ."