ಜಡವೋ, ಚೇತನವೋ

“ಇದಕ್ಕೆ ಜೀವ ಇದೆ ಅಂತ ನಂಬ್ಕೊಂಡಿದ್ದೀರಾ?”

ಹೊಸದಾಗಿ ಬಂದ ಪರೀಕ್ಷಕ ನಗುತ್ತಲೇ ಕೇಳಿದ. ವೈರಾಣು ಪ್ರಯೋಗಾಲಯದ ಶೀತಕೋಣೆಯನ್ನು ಹನ್ನೆರಡು ವರ್ಷಗಳಿಂದ ಕಾಯುತ್ತಿದ್ದ ಅವಳ ಕೈಯಲ್ಲಿ, ಹಿಮ ಮೆತ್ತಿದ ಕಿರುಬೆರಳಿನಷ್ಟು ಸೀಸೆಯೊಂದಿತ್ತು.

“ಜೀವವೇ ಇಲ್ಲದ್ದು ನನ್ನ ತಮ್ಮನ ಜೀವ ಹೇಗೆ ತೆಗೀತು, ಹೇಳಿ?”

ಅವನ ನಗು ಅಲ್ಲೇ ಆರಿಹೋಯಿತು.

ತಮ್ಮನನ್ನು ಮನೆಮಂದಿ ಗುಬ್ಬಿ ಎನ್ನುತ್ತಿದ್ದರು. ಹತ್ತೊಂಬತ್ತರ ಪ್ರಾಯ; ಆರೇ ದಿನದ ಜ್ವರ. ಅವನ ಗಂಟಲಿನಿಂದ ತೆಗೆದ ದ್ರವ ಆ ಸೀಸೆಯೊಳಗಿತ್ತು. ಅವನ ಜೀವಕೋಶಗಳಲ್ಲಿ ಬೆಳೆದು, ಅವನು ಹೋದ ಮೇಲೂ ಉಳಿದದ್ದು ಇದೊಂದೇ... ಕೊಂದದ್ದನ್ನೇ ಕಾಪಾಡುವ ಈ ವಿಚಿತ್ರ ಮಮತೆಯ ಬಗ್ಗೆ ಅವಳು ಯಾರೆದುರೂ ಬಾಯಿಬಿಟ್ಟಿರಲಿಲ್ಲ. ಈ ಪರೀಕ್ಷಕನೆದುರು ಬಿಟ್ಟಳು.

ಅಂದಿನಿಂದ ಚಹಾದ ಹೊತ್ತಿಗೆಲ್ಲ ಅದೇ ವಾದ. ಜೀವಕೋಶದ ಹೊರಗೆ ಅದು ಉಣ್ಣದು, ಉಸಿರಾಡದು, ಕಲ್ಲಿನಂತೆ ಜಡ. ಒಳಹೊಕ್ಕರಷ್ಟೇ ಚೈತನ್ಯ ಎಂದು ಅವನು. ಬಿತ್ತುವ ತನಕ ಬೀಜವೂ ಹಾಗೆಯೇ ತಾನೆ ಎಂದು ಅವಳು. ಇವರ ತೀರ್ಪು ಬರುವಷ್ಟರಲ್ಲಿ ಚಹಾ ತಣ್ಣಗಾಗುತ್ತದೆಂದು ಗಾಜಿನ ಸಾಮಾನು ತೊಳೆಯುವ ಅಕ್ಕ ಗೊಣಗುವಳು. ಆ ವಾದದ ನಡುವೆ ಒಲವು ಯಾವಾಗ ಮೊಳೆಯಿತೋ, ಇಬ್ಬರಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಆಜ್ಞೆ ಬಂತು. ಹಳೆಯ ಸೀಸೆಗಳನ್ನೆಲ್ಲ ಪರೀಕ್ಷಿಸಬೇಕು. ಜೀವಕೋಶಗಳಲ್ಲಿ ಮತ್ತೆ ಬೆಳೆಯುವಂಥವು ಉಳಿಯಬೇಕು, ಬೆಳೆಯದಂಥವು ಉಗಿಯಂತ್ರದಲ್ಲಿ ಬೆಂದು ನಾಶವಾಗಬೇಕು.

ಹತ್ತು ದಿನಗಳ ಬಳಿಕ ಪಟ್ಟಿ ಅವಳ ರುಜುವಿಗೆ ಬಂತು. ಗುಬ್ಬಿಯ ಸೀಸೆಯ ಮುಂದೆ ಅವನದೇ ಅಕ್ಷರ: ‘ಬೆಳೆಯಲಿಲ್ಲ. ಕಾರಣ: ಪರೀಕ್ಷಕನ ಅಜಾಗರೂಕತೆ.’

ಪಟ್ಟಿ ಹಿಡಿದೇ ಅವನ ಮೇಜಿನೆದುರು ಹೋಗಿ ನಿಂತಳು.

“ನಂಬಿ ನಿಮ್ಮ ಕೈಗೆ ಕೊಟ್ಟೆ. ಎರಡನೇ ಸಲ ಸಾಯಿಸಿದ್ರಿ ಅವನನ್ನ.”

ಅವನು ತಲೆತಗ್ಗಿಸಿ ಕ್ಷಮೆಯನ್ನಷ್ಟೇ ಕೇಳಿದ. ವಾರವಿಡೀ ಅವಳು ಅವನತ್ತ ತಿರುಗಿ ನೋಡಲಿಲ್ಲ. ಮೇಲಧಿಕಾರಿ ಅವನಿಗೆ ಎಚ್ಚರಿಕೆಯ ಪತ್ರ ಕೊಟ್ಟರೆಂದು ಕೇಳಿದಾಗಲೂ ಮನಸ್ಸು ಕರಗಲಿಲ್ಲ.

ಸೀಸೆಗಳು ನಾಶವಾಗುವ ದಿನ, ಅವನ ತಪ್ಪಿಗೆ ಸಾಕ್ಷಿ ಹುಡುಕಲೆಂದೇ, ಸೀಸೆಗಳನ್ನು ಹೊರತೆಗೆದಾಗಲೆಲ್ಲ ಬರೆದಿಡುವ ದಾಖಲೆ ಪುಸ್ತಕದಲ್ಲಿ ಗುಬ್ಬಿಯ ಸೀಸೆಯ ಪುಟ ತೆರೆದಳು. ಕೊನೆಯ ಸಾಲಿನಲ್ಲಿ ಒಂದೇ ಒಂದು ಬಾರಿ ಅವನ ಹೆಸರು. ನಿಯಮದಂತೆ ಎಲ್ಲವೂ ಸರಿಯಾಗಿತ್ತು. ಅದರ ಮೇಲೆ ಹನ್ನೊಂದು ಸಾಲುಗಳು. ಪ್ರತಿ ವರ್ಷವೂ ಅದೇ ದಿನ, ಗುಬ್ಬಿ ಹೋದ ದಿನ. ‘ಹೊರಗಿದ್ದ ಅವಧಿ: ಅರ್ಧ ಗಂಟೆ.’ ಪ್ರತಿ ಸಾಲಿನ ಕೊನೆಗೂ ಅವಳದೇ ದುಂಡಾದ ರುಜು!

ಹನ್ನೊಂದು ಬಾರಿ ಆ ಸೀಸೆಯನ್ನು ಅಂಗೈಯಲ್ಲಿ ಮುಚ್ಚಿಹಿಡಿದು ಕುಳಿತಿದ್ದಳು. ಹನ್ನೊಂದು ಬಾರಿ ಅದು ಕರಗಿ, ಮತ್ತೆ ಹೆಪ್ಪುಗಟ್ಟಿತ್ತು. ಕರಗಿದಷ್ಟು ಬಾರಿಯೂ ವೈರಾಣು ಅಷ್ಟಷ್ಟು ನಶಿಸುತ್ತದೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳೂ ಅವಳೇ. ಆ ಅರ್ಧ ಗಂಟೆ ಮಾತ್ರ ಅವಳು ಶೀತಕೋಣೆಯ ಪಾಲಕಿಯಾಗಿರಲಿಲ್ಲ, ಅಕ್ಕನಾಗಿದ್ದಳು.

ಉಗಿಯಂತ್ರದ ಕೋಣೆಗೆ ಓಡಿದಳು. ಉಳಿದ ಸೀಸೆಗಳನ್ನೆಲ್ಲ ಒಳಗಿಟ್ಟು, ಅದೊಂದನ್ನು ಮಾತ್ರ ಬೇರೆ ತಟ್ಟೆಯಲ್ಲಿರಿಸಿ ಅವನು ಕಾಯುತ್ತಿದ್ದ.

“ನಿಮಗೆ ಗೊತ್ತಿತ್ತಾ?”

“ಪುಸ್ತಕ ನೋಡಿದ್ದೆ.”

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಿಮ್ಮ ಕೈನ ನೀವು ಯಾವತ್ತೂ ಕ್ಷಮಿಸ್ತಿರ್ಲಿಲ್ಲ. ನನ್ನನ್ನಾದ್ರೆ... ಒಂದಲ್ಲ ಒಂದಿನ ಕ್ಷಮಿಸಬಹುದು ಅಂದ್ಕೊಂಡೆ.”

ತಡೆದಿಟ್ಟಿದ್ದ ದುಃಖವೆಲ್ಲ ಉಕ್ಕಿ ಬಂತು. ಅವನು ಪಕ್ಕದಲ್ಲಿ ನಿಂತೇ ಇದ್ದ. ಅತ್ತು ಹಗುರಾದ ಮೇಲೆ ಅವಳೇ ಸೀಸೆಯನ್ನು ಒಳಗಿಟ್ಟಳು. ಅವನು ಬಾಗಿಲು ಬಿಗಿದ. ಉಗಿ ನಿಟ್ಟುಸಿರಿನಂತೆ ಸುಯ್ದಿತು.

“ಈಗ ಹೇಳಿ, ಅದಕ್ಕೆ ಜೀವ ಇತ್ತಾ?”

“ನಿಮ್ಮ ಅಂಗೈಲಿ ಇದ್ದಷ್ಟು ಹೊತ್ತು ಇತ್ತು.”

ಅವನು ಮೆಲ್ಲನೆ ಅವಳ ಕೈ ಹಿಡಿದ.

“ಹುಷಾರು,” ಎಂದಳು, ಕಣ್ಣೀರಿನಲ್ಲೇ. “ಈ ಕೈಯ ಬಿಸಿ ಹಿಡಿದದ್ದನ್ನ ಉಳಿಸಲ್ಲ.”

“ಅದನ್ನ ಪರೀಕ್ಷಿಸೋಕೆ ಇಡೀ ಜನ್ಮ ಬೇಕು... ಕೊಡ್ತೀಯಾ?”

ಅವಳು ಕೈ ಹಿಂದೆಗೆಯಲಿಲ್ಲ.