ಅಡ್ಡಬಿದ್ದವಳ ಕಲ್ಲು

"ನಗಬೇಡಿ ಮೇಡಂ, ದೇವರು ಇದ್ದಲ್ಲೇ ಇದ್ದಾನೆ. ಹುಂಡಿಯೂ ಇದೆ. ಹೋಗಿರೋದು ನೆಲದ ಕಲ್ಲು."

ಇನ್‌ಸ್ಪೆಕ್ಟರ್ ಚಾಮುಂಡೇಶ್ವರಿ ನಕ್ಕಿರಲಿಲ್ಲ. ನಕ್ಕವನು ಪಕ್ಕದಲ್ಲಿ ನಿಂತಿದ್ದ ಪೇದೆ ನಾಗಾರ್ಜುನ. ಅವನೂ ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡ. ಎದುರಿಗೆ ಕೂತವರು ಅಗ್ರಹಾರದ ಮರಳೇಶ್ವರ ದೇವಸ್ಥಾನದ ಅರ್ಚಕ ಗುರುಸಿದ್ದಯ್ಯ. ಎಪ್ಪತ್ತರ ಆಸುಪಾಸು, ಮಾತು ಶುರುವಾದರೆ ನಿಲ್ಲದ ಜೀವ. 2025ರ ಫೆಬ್ರವರಿ 14, ಶುಕ್ರವಾರ, ಬೆಳಗ್ಗೆ 10.20.

"ಯಾವ ಕಲ್ಲು?"

"ಅಡ್ಡಬಿದ್ದವರ ಸಾಲಿನ ಕೊನೇದು. ಹಿಂದೆ ನಂಜನಗೂಡಿಗೆ ನಡೆದು ಹೋಗೋರು ನಮ್ಮಲ್ಲಿ ತಂಗ್ತಿದ್ರು. ದೊಡ್ಡ ಹರಕೆ ಹೊತ್ತೋರು ತಾವು ಅಡ್ಡಬಿದ್ದ ಹಾಗೇ ನೆಲದ ಕಲ್ಲಲ್ಲಿ ಕೆತ್ತಿಸಿ ಹೋಗೋರು. ಮುಂದೆ ಬರೋ ಭಕ್ತರು ಮೆಟ್ಟಿಕೊಂಡು ಹೋಗ್ಲಿ, ಅವರ ಪಾದದ ಧೂಳು ತಮ್ಮ ಮೇಲೆ ಬೀಳ್ಲಿ ಅಂತ."

"ಬೆಲೆ ಎಷ್ಟಾಗಬಹುದು?"

"ನಾನೂರು ವರ್ಷದ ಕಲ್ಲಿಗೆ ಏನಂತ ಬೆಲೆ ಕಟ್ಟಲಿ ತಾಯಿ?"

ಕಳವಿಗೆಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರಡಿ ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಸ್ಥಳ ಪಂಚನಾಮೆ.

ಗರ್ಭಗುಡಿ ಹೊಯ್ಸಳರ ಕಾಲದ್ದು, ಕಂಬಗಳು ಕಡೆದ ಬಳೆಗಳ ಹಾಗೆ ನುಣ್ಣಗಿದ್ದವು. ಮುಂದಿನ ಮಂಟಪ ವಿಜಯನಗರದವರ ಕಾಲದ್ದು, ಒರಟು ಕಲ್ಲಿನದು. ಅದರ ನೆಲದಲ್ಲಿ ಹೊಸಿಲ ಕಡೆಗೆ ಕೈಚಾಚಿ ಹನ್ನೊಂದು ಜನ ಕೆತ್ತಿದ ಗೆರೆಗಳಲ್ಲಿ ಮಲಗಿದ್ದರು. ಕಾಲು ತಾಗಿ ತಾಗಿ ಅವರ ಬೆನ್ನುಗಳು ಸವೆದಿದ್ದವು. ಹನ್ನೆರಡನೆಯ ಜಾಗದಲ್ಲಿ ಮೂರಡಿ ಉದ್ದದ ಗುಂಡಿ. ಗುಂಡಿ ಅನ್ನುವುದಕ್ಕೂ ಇಲ್ಲ. ಮರಳು ತುಂಬಿ, ಮಟ್ಟ ಮಾಡಿ, ನೀರು ಚಿಮುಕಿಸಿ ಒತ್ತಿದ್ದರು.

"ಕಳ್ಳ ಗುಂಡಿ ಮುಚ್ಚಿ ಹೋಗ್ತಾನೇನ್ರೀ?"

"ಯಾರಾದ್ರೂ ಎಡವಿ ಬಿದ್ದಾರು ಅಂತ ಇರ್ಬೇಕು ಮೇಡಂ," ಅಂದ ನಾಗಾರ್ಜುನ. ತಮಾಷೆಗೆ ಅಂದ. ಚಾಮುಂಡೇಶ್ವರಿ ಮಾತ್ರ ಅದನ್ನು ಬರೆದುಕೊಂಡಳು.

ಮುಂದಿನ ತಿಂಗಳು ಈ ಕಲ್ಲುಗಳನ್ನೆಲ್ಲ ಎತ್ತಿ ಹೊಸ ಪ್ರದರ್ಶನ ಕೊಠಡಿಯ ಗಾಜಿನೊಳಗೆ ನಿಲ್ಲಿಸುವುದು, ನೆಲಕ್ಕೆ ಗ್ರಾನೈಟು ಹಾಸುವುದು ಎಂದು ದೇವಸ್ಥಾನದ ಸಮಿತಿ ತೀರ್ಮಾನಿಸಿತ್ತು. ಗುರುವಾರ ಮಧ್ಯಾಹ್ನ ಬಾಗಿಲು ಹಾಕಿದ ಹೊತ್ತಿನಲ್ಲಿ ಗ್ರಾನೈಟು ಇಳಿಸುವ ಆಳುಗಳು ಬಂದುಹೋಗಿದ್ದರು. ಎದುರಂಗಡಿಯ ಕ್ಯಾಮೆರಾದಲ್ಲಿ 2.10ಕ್ಕೆ ಒಂದು ಗೂಡ್ಸ್ ಆಟೊ, ತಲೆಗೆ ಟವೆಲ್ ಸುತ್ತಿದ ಒಬ್ಬ ಮುದುಕ. ಅಷ್ಟೆ.

ಗುರುಸಿದ್ದಯ್ಯ ದೇವಸ್ಥಾನದ ಕಿರುಹೊತ್ತಗೆ ತೆರೆದು ಫೋಟೊ ತೋರಿಸಿದರು. "ಎಡಗೈ ಮೇಲೆ ಉಬ್ಬಿದೆ ನೋಡಿ, ಸರ್ಪದ ಕಡಗ. ಪಾಳೇಗಾರರ ಮನೆ ಹೆಣ್ಣುಮಗಳು ಅಂತ ಬಂದೋರಿಗೆಲ್ಲ ಹೇಳ್ತೀನಿ."

ನಾಗಾರ್ಜುನ ಆ ಫೋಟೊವನ್ನು ಬೆಳಕಿಗೆ ಹಿಡಿದ. ಈ ಸಲ ಅವನ ಮುಖದಲ್ಲಿ ನಗುವಿರಲಿಲ್ಲ.

"ಮೇಡಂ, ಇದು ಕಡಗ ಅಲ್ಲ. ನಮ್ಮಮ್ಮನ ಕೈ ಹಿಂಗೇ ಇದೆ. ಡಯಾಲಿಸಿಸ್ ಸೂಜಿಗೆ ಅಂತ ಆಪರೇಷನ್ ಮಾಡಿ ರಕ್ತನಾಳ ಸೇರಿಸ್ತಾರೆ. ಆಮೇಲೆ ಹಾವಿನ ಥರ ಉಬ್ಕೊಳ್ಳುತ್ತೆ."

"ನಾನೂರು ವರ್ಷದ ಹಿಂದೆ ಡಯಾಲಿಸಿಸ್ಸಾ?" ಅಂದರು ಗುರುಸಿದ್ದಯ್ಯ.

ಭಾನುವಾರ ಸಂಜೆ 4ಕ್ಕೆ ಜಯಲಕ್ಷ್ಮಿಪುರಂನಲ್ಲಿ ವಿಶ್ವನಾಥ್ ಅವರ ಮನೆ. ನಲವತ್ತು ವರ್ಷದ ಹಿಂದೆ ಆ ಗುಡಿಯ ನಕ್ಷೆ ಬರೆದವರು. ಹಳೆಯ ಸುರುಳಿ ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟರು.

"ಹನ್ನೊಂದೇ ಕಣ್ರೀ. ಮಂಡಿ ಊರ್ಕೊಂಡು ನಾನೇ ಅಳೆದಿದ್ದು, ಈ ಮಂಡಿನೋವು ಅಲ್ಲಿಂದ್ಲೇ ಶುರುವಾಗಿದ್ದು! ಹನ್ನೆರಡನೇದು ಬೋಳುಗಲ್ಲು."

"ಹಾಗಾದ್ರೆ ಅರ್ಚಕರಿಗೆ ಗೊತ್ತಾಗ್ಲಿಲ್ಲವಾ?"

"ಆಮೇಲೆ ಯಾರೋ ಮಹಾನುಭಾವರು ನೆಲಕ್ಕೆಲ್ಲ ಸಿಮೆಂಟು ಬಳಿದ್ರು. ಈ ಅರ್ಚಕರು ಬಂದದ್ದೇ ಅದಾದ್ಮೇಲೆ. ನಾಲ್ಕು ವರ್ಷದ ಹಿಂದೆ ಅದನ್ನ ಕೀಳಿಸಿದ್ರು. ಕಿತ್ತಾಗ ಹನ್ನೆರಡು ಇತ್ತು ಅಂದ್ರೆ, ಮೊದಲಿಂದ್ಲೂ ಹನ್ನೆರಡೇ ಅಂದ್ಕೊಂಡಿರ್ತಾರೆ."

ಚಾಮುಂಡೇಶ್ವರಿ ಅಲ್ಲಿಂದಲೇ ಗುರುಸಿದ್ದಯ್ಯನವರಿಗೆ ಫೋನ್ ಮಾಡಿದಳು.

"ಸಿಮೆಂಟು ಕಿತ್ತವರು ಯಾರು?"

"ಕಲ್ಲುಕೆಲಸದ ನಂಜಯ್ಯ. ಒಳ್ಳೆ ಮನುಷ್ಯ ತಾಯಿ, ಪ್ರತಿ ಸೋಮವಾರ ಬರ್ತಾರೆ. ಒಳಗೆ ಬಂದು ಕೈಮುಗಿಯಲ್ಲ, ಕಂಬಕ್ಕೆ ಒರಗಿ ಜನ ಓಡಾಡೋದು ನೋಡ್ತಾ ಕೂತಿರ್ತಾರೆ..." ಎಂದೂ ನಿಲ್ಲದ ಮಾತು ಅಲ್ಲಿಗೆ ನಿಂತಿತು.

ಫೆಬ್ರವರಿ 17, ಸೋಮವಾರ, ಬೆಳಗ್ಗೆ 6.40. ರಾಮಕೃಷ್ಣನಗರದ ಹಿಂಬದಿಯ ಎರಡು ಕೋಣೆಯ ಮನೆ. ಬಾಗಿಲು ತೆರೆದವರು ನಂಜಯ್ಯನ ಹೆಂಡತಿ ಪ್ರೇಮಮ್ಮ.

"ಬಂದ್ಬುಟ್ರಾ? ಟೀ ಕುಡ್ದು ಬರ್ಲಿ ಕಣಮ್ಮ. ಖಾಲಿ ಹೊಟ್ಟೇಲಿ ಬಿಪಿ ಮಾತ್ರೆ ನುಂಗಂಗಿಲ್ಲ."

ಗೋಡೆಯ ಮೇಲೆ ಇಪ್ಪತ್ತೆರಡರ ಹುಡುಗಿಯೊಬ್ಬಳ ಫೋಟೊ, ಹೂವಿನ ಹಾರ. ಈ ಸೆಖೆಯ ಊರಿನಲ್ಲೂ ತುಂಬುತೋಳಿನ ರವಿಕೆ. ನಾಗಾರ್ಜುನ ಅದನ್ನು ನೋಡಿ ಬೇರೆ ಕಡೆ ತಿರುಗಿಕೊಂಡ.

"ಮಗಳ ಹೆಸರು?"

"ಬಿಂದು," ಅಂದ ನಂಜಯ್ಯ.

"ಕೆತ್ತಿದ್ದು ನೀವೇನಾ?"

"ಊಂ. ಅವಳು ಹೋಗಿ ತಿಂಗ್ಳಾಗಿತ್ತು. ಆ ಸಿಮೆಂಟ್ ಕೆಲ್ಸ ಸಿಕ್ತು."

"ಯಾಕೆ?"

"ವಾಸಿಯಾದ್ರೆ ನಂಜನಗೂಡಿಗೆ ನಡ್ಕೊಂಡು ಬಂದು ಅಡ್ಡಬೀಳ್ತೀನಿ ಅಂತ ಹರಕೆ ಕಟ್ಕೊಂಡಿದ್ಲು. ವಾಸಿಯಾಗ್ಲಿಲ್ಲ. ನಡೆಯೋರ ಕಾಲಿಗಾದ್ರೂ ಸಿಗ್ಲಿ ಅಂತ."

"ಅಲ್ಲೇ ಇತ್ತಲ್ಲ. ಕದ್ದಿದ್ದು ಯಾಕೆ?"

ನಂಜಯ್ಯ ಲೋಟ ಕೆಳಗಿಟ್ಟ. "ಗಾಜಿನೊಳಗೆ ನಿಲ್ಲಿಸ್ತಾರಂತೆ ತಾಯಿ. ಮುಟ್ಟಬೇಡಿ ಅಂತ ಬೋರ್ಡಂತೆ. ಕಡೇ ಒಂಬತ್ತು ದಿನ ಐಸಿಯು ಗಾಜಿನಾಚೆಯಿಂದ್ಲೇ ನಾವು ಅವಳ ಮುಖ ನೋಡಿದ್ದು. ಇನ್ನೊಂದು ಗಾಜು ತಡ್ಕಳಕ್ಕಾಗ್ಲಿಲ್ಲ."

"ಅದು ನಿಮ್ಮ ಮಗಳು ಅಂತ ಹೇಳಿದ್ರೆ ಅವರೇ ಕೊಡ್ತಿದ್ರೇನೋ."

"ಹೇಳಿದ್ರೆ ಒಡ್ದು ಹಾಕ್ತಿದ್ರು. ನಾನೂರು ವರ್ಷದೋಳು ಅಂತ ತಾನೆ ಅಷ್ಟು ಮರ್ಯಾದೆ?"

ಕೆತ್ತಿದ ಗೆರೆ ನಂಜಯ್ಯನದೇ ಆದರೂ ಕಲ್ಲು ದೇವಸ್ಥಾನದ್ದು. ಕಾನೂನಿಗೆ ಅಷ್ಟು ಸಾಕಿತ್ತು. 7.15ಕ್ಕೆ ದಸ್ತಗಿರಿ. ಕಾರಣವನ್ನು ಚಾಮುಂಡೇಶ್ವರಿ ಹೇಳಿಕೆಯಲ್ಲಿ ಅವನ ಮಾತಿನಲ್ಲೇ ಬರೆಸಿದಳು, ಗಾಜಿನ ಮಾತು ಸಮೇತ.

8.05. ನಂಜನಗೂಡು ರಸ್ತೆಯ ಬದಿ, ನಡೆದು ಹೋಗುವವರಿಗೆಂದು ಕಟ್ಟಿದ ಹಳೆಯ ಕಲ್ಲುಮಂಟಪ. ಮುಂದೊಂದು ನಲ್ಲಿ. ನಂಜಯ್ಯ ತೋರಿಸಿದ ಜಾಗದಲ್ಲಿ, ನಂಜನಗೂಡಿನ ದಿಕ್ಕಿಗೆ, ದಕ್ಷಿಣಕ್ಕೆ ಕೈಚಾಚಿ, ನೆಲದ ಉಳಿದ ಕಲ್ಲುಗಳಿಗೆ ಸಮನಾಗಿ ಬಿಂದು ಮಲಗಿದ್ದಳು. ಸಂದಿಗೆ ಗಾರೆ ತುಂಬಿದ್ದು ಎಷ್ಟು ಚೆನ್ನಾಗಿತ್ತೆಂದರೆ, ಗುರುತಿಸಲು ಬಂದಿದ್ದ ಗುರುಸಿದ್ದಯ್ಯ ಎರಡು ಸಲ ದಾಟಿ ಹೋದರು. ಗುರುತು ಸಿಕ್ಕಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಆ ಉಬ್ಬಿದ ಕೈಯನ್ನು ಬೆರಳಲ್ಲಿ ಸವರಿದರು.

"ನನಗೆ ಒಂದು ಮಾತು ಹೇಳಬಾರದಿತ್ತೇನಯ್ಯಾ?"

ನಂಜಯ್ಯ ಅವರ ಕಡೆ ನೋಡಲಿಲ್ಲ. ಕಲ್ಲು ಕೀಳಲು ಹಾರೆ ಹಿಡಿದು ನಿಂತಿದ್ದ ಆಳುಗಳಿಗೆ ಹೇಳಿದ: "ನಿಧಾನ ಕಣಪ್ಪ. ತಲೆ ಕಡೆಯಿಂದ ಎತ್ಬೇಡಿ."

ಅಷ್ಟರಲ್ಲಿ ಬರಿಗಾಲಿನ ಏಳೆಂಟು ಜನ ರಸ್ತೆಯಿಂದ ಮಂಟಪಕ್ಕೆ ಹತ್ತಿದರು. ಪೊಲೀಸರನ್ನು ಕಂಡು ಹಿಂಜರಿದರು. ಚಾಮುಂಡೇಶ್ವರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಲ್ಲಿಯಲ್ಲಿ ಕಾಲು ತೊಳೆದುಕೊಂಡ ಒಬ್ಬಾಕೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಲ್ಲಿನ ಮೇಲೆ ಹಾದುಹೋದಳು. ಬಿಂದುವಿನ ಬೆನ್ನ ಮೇಲೆ ಒಂದು ಒದ್ದೆ ಹೆಜ್ಜೆ ಮೂಡಿತು. ಅದು ಬಿಸಿಲಿಗೆ ಒಣಗಿ ಹೋಗುವವರೆಗೆ ಯಾರೂ ಹಾರೆ ಎತ್ತಲಿಲ್ಲ.